ಬಂದ ಮೇಲೂ ಎರಡು ನಿಮಿಷ ಇಳಿಯದವಳು

ನನ್ನ ಹೆಂಡತಿ ವೇದಾವತಿಗೆ ಐವತ್ತು ವರ್ಷ. ಕೊಳಾಲದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ನಮ್ಮ ಮನೆ ಮಧುಗಿರಿಯಲ್ಲಿ. ನಾನು, ರಂಗನಾಥ, ಇಲ್ಲಿನ ಕೋರ್ಟಿನಲ್ಲಿ ಬೆರಳಚ್ಚುಗಾರ. ಸಾಕ್ಷಿಗಳು ಹೇಳಿದ್ದನ್ನು ಹೇಳಿದಂತೆಯೇ ಟೈಪು ಮಾಡಿ ಅಭ್ಯಾಸವಾದವನು, ಆದ್ದರಿಂದ ಇಲ್ಲೂ ಉಪ್ಪುಖಾರ ಹಚ್ಚುವುದಿಲ್ಲ. ಅವಳು ಓದಿದರೆ ಹೇಗಿದ್ದರೂ ತಪ್ಪು ಹುಡುಕುತ್ತಾಳೆ, ಹುಡುಕಲಿ.

ಅವಳ ಜೊತೆಯ ಮೇಡಂಗಳೆಲ್ಲ ಬಸ್ಸಿನಲ್ಲೋ ಸ್ಕೂಟರಿನಲ್ಲೋ ಶಾಲೆಗೆ ಹೋಗುತ್ತಾರೆ. ಇವಳು ಹೋಗುವುದು ಹತ್ತೊಂಬತ್ತು ವರ್ಷ ಹಳೆಯದಾದ ಒಂದು ಕೆಂಪು ಟರ್ಬೊ ಕಾರಿನಲ್ಲಿ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಸಣ್ಣ ಯಂತ್ರ. ನೋಡುವುದಕ್ಕೆ ನಾಲ್ಕು ಬಾಗಿಲಿನ ಸಾಧು ಕಾರು. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಬಾನೆಟ್ಟಿನೊಳಗಿಂದ ಸಣ್ಣಗೆ ಸಿಳ್ಳು ಏಳುತ್ತದೆ, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ, ಬೆಳಿಗ್ಗೆ ತಿಂದ ಮುದ್ದೆ ಡಿಕ್ಕಿಗೆ ಹೋದ ಹಾಗಾಗುತ್ತದೆ. ಎಂಟು ವರ್ಷದಿಂದ ಪಕ್ಕದಲ್ಲಿ ಕೂರುತ್ತಿದ್ದೇನೆ, ಈಗಲೂ ಆ ಸಿಳ್ಳು ಕೇಳಿದರೆ ಮೈ ಜುಂ ಅನ್ನುತ್ತದೆ. ಬೈಯುತ್ತಲೇ ಕೂರುತ್ತೇನೆ ನಿಜ, ಆದರೆ ಕೂರುವುದನ್ನು ಬಿಟ್ಟಿಲ್ಲ.

ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದರೆ ಅವಳ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಅವಳ ಅಪ್ಪ ದಾಸಯ್ಯನವರು ರಸ್ತೆ ಕೆಲಸದ ರೋಲರ್ ಓಡಿಸುತ್ತಿದ್ದವರು. "ನಮ್ಮಪ್ಪ ಮೂವತ್ತು ವರ್ಷ ಎಮ್ಮೆಗಿಂತ ನಿಧಾನಕ್ಕೆ ಓಡಿಸ್ದ. ಅವನ ಪಾಲಿನ ಸ್ಪೀಡೆಲ್ಲ ನಂಗೇ ತಾನೇನ್ರೀ ಬರ್ಬೇಕು?" ಅನ್ನುತ್ತಾಳೆ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವುದನ್ನು ಅವರೇ ಅವಳಿಗೆ ಕಲಿಸಿದ್ದು. ಎಂಟು ವರ್ಷದ ಹಿಂದೆ ಗೊರವನಹಳ್ಳಿ ಲಕ್ಷ್ಮಮ್ಮನ ಗುಡಿಗೆ ಹೋಗೋಣ ಎಂದು ನನ್ನನ್ನು ಹೊರಡಿಸಿದವಳು ಕೊರಟಗೆರೆಯಲ್ಲೇ ಬಸ್ಸಿನಿಂದ ಇಳಿಸಿದಳು. ಅಲ್ಲಿ ಡಾಕ್ಟರೊಬ್ಬರ ಶೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ, ಚಕ್ರದಲ್ಲಿ ಗಾಳಿಯಿಲ್ಲದೆ ಈ ಕಾರು ಕೂತಿತ್ತು. ಆ ದಿನ ನಮಗೆ ದೇವರ ದರ್ಶನ ಆಗಲಿಲ್ಲ.

ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಭಾನುವಾರ ಅಂದರೆ ಕಾರಿನ ವಾರ. ಇಂಥ ಕಾರಿಗೆ ವಯಸ್ಸಾಗಿದ್ದು ಮೊದಲು ಗೊತ್ತಾಗುವುದು ರಬ್ಬರಿನಲ್ಲಿ. ಪೈಪುಗಳು ಬಿರಿಯುತ್ತವೆ, ಎಂಜಿನ್ನಿಗೆ ಹೋಗಬೇಕಾದ ಗಾಳಿ ಸೋರುತ್ತದೆ, ಏರು ಬಂದರೆ ಕಾರು ಏದುಸಿರು ಬಿಡುತ್ತದೆ. ನಾನು ಕಾಲಿನಲ್ಲಿ ತುಳಿಯುವ ಪಂಪಿನಿಂದ ಆ ಪೈಪುಗಳಿಗೆ ಗಾಳಿ ತುಂಬಬೇಕು, ಇವಳು ಶಾಂಪೂ ನೀರು ಚಿಮುಕಿಸಿ ಎಲ್ಲಿ ಗುಳ್ಳೆ ಏಳುತ್ತದೆಂದು ನೋಡಬೇಕು. ಗುಳ್ಳೆ ಕಂಡರೆ ಸಾಕು, "ಸಿಕ್ತು ಕಣ್ರೀ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಅವಳ ಊಟದ ಬ್ಯಾಗಿನಲ್ಲಿ ಮಜ್ಜಿಗೆ ಬಾಟಲಿಯ ಪಕ್ಕ ಒಂದು ಇಗ್ನಿಷನ್ ಕಾಯಿಲ್ ಸದಾ ಇರುತ್ತದೆ, ದಾರಿಯಲ್ಲಿ ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಕೈಮೀರಿದ ಕೆಲಸ ಬಂದರೆ ಮಾತ್ರ ಸಿರಾದ ಇನಾಯತ್ ಭಾಯಿಯ ಗ್ಯಾರೇಜಿಗೆ ಹೋಗುತ್ತಾಳೆ.

ಎರಡು ನಿಮಿಷದ ನೇಮವನ್ನು ಅವಳಿಗೆ ಕಲಿಸಿದವರು ಆ ಇನಾಯತ್ ಭಾಯಿ. "ಮೇಡಂ, ಜೋರಾಗಿ ಓಡ್ಸಿ ಬಂದ್ಮೇಲೆ ಫೌರನ್ ಬಂದ್ ಮಾಡ್ಬ್ಯಾಡಿ. ಟರ್ಬೊ ಕೆಂಡ ಆಗಿರ್ತದೆ. ಆಯಿಲ್ ಹರೀತಾ ಇದ್ರೆ ತಣ್ಣಗಾಗ್ತದೆ. ಬಂದ್ ಮಾಡಿದ್ರೆ ಅಲ್ಲೇ ನಿಂತು ಸೀದೋಗ್ತದೆ. ದೋ ಮಿನಿಟ್, ಬಸ್" ಎಂದರು. ಇವಳಿಗೆ ಅದು ವೇದವಾಕ್ಯವಾಯಿತು. ಎಲ್ಲಿಗೆ ಹೋದರೂ ಕಾರು ನಿಲ್ಲಿಸಿ, ಎಂಜಿನ್ನು ಹಾಗೇ ಬಿಟ್ಟು, ಎರಡು ನಿಮಿಷ ಒಳಗೇ ಕೂತಿರುತ್ತಾಳೆ. ಮೇಡಂ ಪಾಠಕ್ಕೆ ಮುಂಚೆ ಮಂತ್ರ ಹೇಳಿಕೊಳ್ಳುತ್ತಾರೆ ಎಂದು ಶಾಲೆಯ ಮಕ್ಕಳು ನಂಬಿದ್ದಾರೆ.

ಇದೇ ನೇಮ ಸಿರಾ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಮಾನ ತೆಗೆಯಿತು. ಅವಳ ತಮ್ಮ ಕಿರಣ್ ಕುಮಾರ್‌ಗೆ ಮೂವತ್ತನಾಲ್ಕು. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು, ಅಲ್ಲಿಂದ ಉಣಿಸಿ ಓದಿಸಿ ಬೆಳೆಸಿದವಳು ವೇದಾವತಿಯೇ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಟೆಕ್ನೀಷಿಯನ್. ಕೆಲಸ ಇದೆ, ಗುಣ ಇದೆ, ಹೆಣ್ಣು ಮಾತ್ರ ಕೂಡಿ ಬಂದಿರಲಿಲ್ಲ. ಕೊನೆಗೊಂದು ಕೂಡಿ ಬಂತು ಎನ್ನುವಾಗ ನಾವು ಮೂವರೂ ಆ ಹಳ್ಳಿಗೆ ಹೆಣ್ಣು ನೋಡಲು ಹೋದೆವು.

ನಮ್ಮ ಕಡೆ ಗಂಡಿನವರು ಬಂದು ಗಾಡಿಯಿಂದ ಇಳಿಯದೆ ಕೂತರೆ ಅದಕ್ಕೆ ಅರ್ಥ ಒಂದೇ, ಮುನಿಸು. ಮರ್ಯಾದೆ ಸಾಲದು, ಹಿರಿಯರು ಬಂದು ಕೈಮುಗಿದು ಕರೆಯಲಿ ಅಂತ. ದಿಬ್ಬಣದ ಬಸ್ಸು ಛತ್ರದ ಮುಂದೆ ಗಂಟೆಗಟ್ಟಲೆ ನಿಂತಿದ್ದನ್ನು ನಾನೇ ಕಂಡಿದ್ದೇನೆ. ತಾಯಿಯ ಸ್ಥಾನದಲ್ಲಿರುವ ಅಕ್ಕ ಇಳಿಯುವ ಮುಂಚೆ ಮಿಕ್ಕವರು ಇಳಿಯುವಂತೆಯೂ ಇಲ್ಲ. ಹೀಗಾಗಿ ಅವರು ಕಾಲಿಗೆ ನೀರು ಹಿಡಿದು ನಿಂತಿದ್ದರೆ ನಾವು ಮೂವರೂ ಕಾರಿನೊಳಗೆ ಗೊಂಬೆಗಳ ಥರ ಕೂತಿದ್ದೆವು. ಹುಡುಗಿಯ ಅಜ್ಜನಿಗೆ ರೇಗಿತು. "ನೋಡಕ್ ಬಂದಾಗ್ಲೇ ಇಂಗೆ, ಇನ್ ಮದ್ವೇಲಿ ಏನ್ ಮೆರೀತಾರೋ! ನೀರ್ ಒಳೀಕ್ ತಗಂಡ್ ಹೋಗ್ರಲಾ" ಎಂದು ಗುಡುಗಿದರು. ವೇದಾವತಿ ಎಷ್ಟು ತಿಳಿಸಿ ಹೇಳಿದರೂ ಕೇಳಲಿಲ್ಲ. ಕಾಫಿ ಕೊಟ್ಟರು, ಹುಡುಗಿಯನ್ನು ತೋರಿಸಲಿಲ್ಲ.

ಕಿರಣ ಒಂದು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟ. ಆಮೇಲೆ ಪಾವಗಡದಾಚೆಯ ಒಂದು ಹಳ್ಳಿಯಿಂದ ಸಂಬಂಧ ಬಂತು. ಹುಡುಗಿ ಶರಣ್ಯಾ, ಪಾವಗಡದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಅವಳ ಅಪ್ಪ ಕದಿರಯ್ಯ ಬೋರ್‌ವೆಲ್ ಲಾರಿ ಇಟ್ಟುಕೊಂಡವರು, ಮಹಾ ಮುಂಗೋಪಿ ಎಂದು ಹೆಸರಾದವರು. ಫೋಟೋ ನೋಡಿದಾಗಿನಿಂದ ಕಿರಣನ ಕಣ್ಣೇ ಬೇರೆಯಾಗಿತ್ತು.

"ಅಕ್ಕ, ಇದೇ ಕೊನೆ. ಇದೂ ಕೆಟ್ರೆ ಇನ್ ಯಾವ ಹೆಣ್ಣೂ ನೋಡಾಕಿಲ್ಲ ನಾನು. ನನ್ ತಲೆ ಮುಟ್ಟಿ ಆಣೆ ಮಾಡು. ಹೋದ ತಕ್ಷಣ ಆಫ್ ಮಾಡಿ ಇಳ್ದುಬುಡ್ತೀನಿ ಅನ್ನು" ಎಂದ.

ಬಾಡಿಗೆ ಕಾರಿನಲ್ಲಿ ಹೋಗೋಣ ಎಂದೆ ನಾನು. ಮನೆಯಲ್ಲಿ ಕಾರಿಟ್ಟುಕೊಂಡು ಬಾಡಿಗೆಯದೇ ಎನ್ನುವಂತೆ ಅಕ್ಕ ತಮ್ಮ ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು. ವೇದಾವತಿ ತಮ್ಮನ ತಲೆಯ ಮೇಲೆ ಕೈಯಿಟ್ಟಳು. "ಆಯ್ತು ಕಣ್ಲಾ. ಕೊನೇ ಹತ್ತು ಕಿಲೋಮೀಟರ್ ಮೆಲ್ಲಗೆ ಹೋಗ್ತೀನಿ, ಅಷ್ಟರಲ್ಲಿ ತಾನೇ ತಣ್ಣಗಾಗಿರತ್ತೆ. ನಿನ್ ಮದುವೆಗಿಂತ ನಂಗೆ ಕಾರು ಹೆಚ್ಚಾ?" ಅಂದಳು. ಲೆಕ್ಕ ಸರಿಯಾಗಿಯೇ ಇತ್ತು, ಗಣಿತದ ಮೇಡಂ ಅಲ್ಲವೇ.

ಹೊರಟದ್ದು ಒಂದು ಭಾನುವಾರ, ಎರಡೂವರೆಗೆ. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸ್ತಿಲು ದಾಟಬೇಕು ಎಂದು ಕದಿರಯ್ಯನವರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಬೇಕಾದಷ್ಟು ಹೊತ್ತಿತ್ತು. ಮಿಡಿಗೇಶಿ ದಾಟಿ ಒಂದು ಏರು ಹತ್ತುವಾಗ ಬಾನೆಟ್ಟಿನೊಳಗೆ ಫಟ್ ಎಂದು ಸದ್ದಾಯಿತು. ಸಿಳ್ಳು ನಿಂತೇಹೋಯಿತು, ಕಾರು ಬುಸುಗುಡುತ್ತಾ ತೆವಳತೊಡಗಿತು.

"ಪೈಪು ಕಿತ್ಕೊಂಡಿದೆ!" ಎಂದು ವೇದಾವತಿ ಕಾರು ಪಕ್ಕಕ್ಕೆ ಹಾಕಿದಳು. ದೊಡ್ಡ ಗಾಳಿ ಪೈಪನ್ನು ಹಿಡಿದಿದ್ದ ಕ್ಲಿಪ್ಪು ಮುರಿದು ಎರಡಾಗಿತ್ತು. ಅವಳು ಉಟ್ಟಿದ್ದು ರೇಷ್ಮೆ ಸೀರೆ. "ರೀ, ಸೆರಗು ಹಿಡ್ಕಳಿ" ಎಂದು ನನ್ನ ಕೈಗೆ ಕೊಟ್ಟು ಬಾನೆಟ್ಟಿನೊಳಗೆ ಬಗ್ಗಿದಳು. ಕಿರಣ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ ಹೊಲದೊಳಗೆ ಓಡಿದ. ಅಲ್ಲಿ ಪಂಪ್‌ಸೆಟ್ಟಿನ ಪಕ್ಕ ಕೂತಿದ್ದ ಹಿರಿಯರೊಬ್ಬರು ವಿಷಯ ಕೇಳಿ, ಪಂಪಿನ ಪೈಪಿಗೆ ಬಿಗಿದಿದ್ದ ಕ್ಲಿಪ್ಪನ್ನೇ ಬಿಚ್ಚಿ ಕೊಟ್ಟರು. "ಕರೆಂಟ್ ಬರೋದು ಇನ್ನೂ ತಡ ಐತೆ, ತಗಂಡ್ ಓಡ್ಲಾ. ಹೆಣ್ಣು ಮುಖ್ಯ" ಎಂದು ಅಲ್ಲಿಂದಲೇ ಕೂಗಿ ಹರಸಿದರು. ಕ್ಲಿಪ್ಪು ತುಸು ದೊಡ್ಡದು. ವೇದಾವತಿ ಡಿಕ್ಕಿಯಲ್ಲಿದ್ದ ಸೈಕಲ್ ಟ್ಯೂಬನ್ನು ಕತ್ತರಿಸಿ ಪೈಪಿಗೆ ಸುತ್ತಿ, ಅದರ ಮೇಲೆ ಕ್ಲಿಪ್ಪು ಬಿಗಿದಳು. ಅವಳು ತಲೆಯೆತ್ತಿದಾಗ ಮೂರು ಐವತ್ತೈದು. ಇನ್ನೂ ನಲವತ್ತು ಕಿಲೋಮೀಟರಿಗೆ ಮೇಲಿತ್ತು.

"ಬೆಲ್ಟ್ ಹಾಕ್ಕಳಿ" ಎಂದಳು, ಅಷ್ಟೇ.

ಆ ಅರ್ಧ ಗಂಟೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಬೋಳು ಬಂಡೆಯ ಗುಡ್ಡಗಳು ಸರಸರನೆ ಹಿಂದಕ್ಕೆ ಹೋಗುತ್ತಿದ್ದವು. ಮುಂದೆ ಹುಲ್ಲಿನ ಟ್ರ್ಯಾಕ್ಟರ್ ಕಂಡರೆ ಇವಳು ಗೇರ್ ಇಳಿಸುವಳು, ಒಂದು ಕ್ಷಣ ಮೌನ, ಆಮೇಲೆ ಸಿಳ್ಳು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಟ್ರ್ಯಾಕ್ಟರ್ ಹಿಂದೆ! ಊರು ಬಂದಾಗ ಒಳ್ಳೆಯ ಹುಡುಗಿಯ ಹಾಗೆ ನಿಧಾನ, ಊರು ದಾಟಿದ ಕೂಡಲೇ ಮತ್ತೆ ಸಿಳ್ಳು. ನಾನು ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು ಮನೆದೇವರಿಗೆ ಹರಕೆ ಹೊರುತ್ತಿದ್ದೆ, ಜೊತೆಗೆ "ಹೊಡಿಯೇ, ಹೊಡಿ!" ಎಂದು ಕೂಗುತ್ತಲೂ ಇದ್ದೆ. ಎರಡೂ ನನ್ನ ಬಾಯಿಂದಲೇ ಬಂದದ್ದು ಎಂದು ಕಿರಣ ಈಗಲೂ ಆಡಿಕೊಳ್ಳುತ್ತಾನೆ. ಹತ್ತೊಂಬತ್ತು ವರ್ಷದ ಆ ಮುದಿ ಎಂಜಿನ್ನು ಅವಳು ಕೇಳಿದ್ದನ್ನೆಲ್ಲ ಕೊಟ್ಟಿತು. ಅವಳ ಮುಖ ನೋಡಿದೆ. ಮದುವೆಯಾದ ಹೊಸತರಲ್ಲಿ ಹೇಗಿತ್ತೋ ಹಾಗೆ ಬೆಳಗುತ್ತಿತ್ತು.

ಮೆಲ್ಲಗೆ ಓಡಿಸಬೇಕೆಂದಿದ್ದ ಕೊನೆಯ ಹತ್ತು ಕಿಲೋಮೀಟರನ್ನೂ ಹಾಗೇ ಓಡಿಸಬೇಕಾಯಿತು. ಕದಿರಯ್ಯನವರ ಅಂಗಳಕ್ಕೆ ಕಾರು ನುಗ್ಗಿದಾಗ ನಾಲ್ಕು ಇಪ್ಪತ್ತಾರು. ಜಗುಲಿಯ ತುಂಬ ಜನ. ಶರಣ್ಯಾಳ ತಾಯಿ ಪಟಾಲಮ್ಮ ತಂಬಿಗೆ ಹಿಡಿದು ನಿಂತಿದ್ದರು. ಟರ್ಬೊ ನಿಗಿನಿಗಿ ಕೆಂಡವಾಗಿರುತ್ತದೆಂದು ನಮ್ಮ ಮೂವರಿಗೂ ಗೊತ್ತಿತ್ತು. ವೇದಾವತಿಯ ಕೈ ಕೀಲಿಯ ಮೇಲೆ ಹೋಗಿ ನಿಂತಿತು. ಕನ್ನಡಿಯಲ್ಲಿ ತಮ್ಮನ ಮುಖ ನೋಡಿದಳು. ತುಟಿ ಕಚ್ಚಿಕೊಂಡು ಕೀಲಿ ತಿರುಗಿಸಿಬಿಟ್ಟಳು.

ಎಂಜಿನ್ನು ನಿಂತಿತು.

ಅಷ್ಟರಲ್ಲಿ ಕದಿರಯ್ಯನವರು ಜಗುಲಿಯಿಂದ ಧುಮುಕಿದರು. ನಮ್ಮನ್ನು ಕರೆಯಲು ಬಂದರು ಎಂದುಕೊಂಡೆವು. ಅವರು ನೇರ ಬಾನೆಟ್ಟಿನ ಹತ್ತಿರ ಹೋಗಿ ಕೈ ಇಟ್ಟು, ಸುಟ್ಟವರಂತೆ ತೆಗೆದರು.

"ಯಾರಮ್ಮಾ ಆಫ್ ಮಾಡಿದ್ದು? ಊರ್ ಬಾಗ್ಲಾಗೇ ಸಿಳ್ಳು ಕೇಳಿಸ್ತು ನಂಗೆ. ಟರ್ಬೊ ಐತಲ್ಲ ಇದ್ರಾಗೆ? ಅಷ್ಟ್ ಜೋರಾಗ್ ಬಂದು ಅಂಗೇ ಆಫ್ ಮಾಡೋದಾ? ನನ್ ಬೋರ್ ಲಾರಿ ಕಂಪ್ರೆಸರ್‌ನ ಯಾವನಾದ್ರೂ ಇಂಗ್ ಆಫ್ ಮಾಡಿದ್ರೆ ಅವತ್ತೇ ಮನೀಗ್ ಕಳಿಸ್ತೀನಿ. ಸ್ಟಾರ್ಟ್ ಚೇಯಮ್ಮಾ, ಮುಂದು ಸ್ಟಾರ್ಟ್ ಚೇಯಿ!" ಸಿಟ್ಟು ಬಂದರೆ ಆ ಕಡೆಯವರ ಬಾಯಲ್ಲಿ ತೆಲುಗೇ ಬರುವುದು, ಮೊದಲು ಸ್ಟಾರ್ಟ್ ಮಾಡು ಅಂತ.

ವೇದಾವತಿ ಗಡಬಡಿಸಿ ಮತ್ತೆ ಸ್ಟಾರ್ಟ್ ಮಾಡಿದಳು. ಕದಿರಯ್ಯನವರ ಕೋಪ ಇಳಿಯಲಿಲ್ಲ. "ಬಾಯಿಲ್ಲದ ಗಾಡೀಗೇ ಎರಡ್ ನಿಮಿಷ ಕಾಯಾಕ್ ಆಗ್ದೋರು ನನ್ ಮಗಳನ್ನ ಹೆಂಗಮ್ಮಾ ನೋಡ್ಕಂತೀರಾ?" ಎಂದುಬಿಟ್ಟರು.

ಮುಗಿಯಿತು, ಇದೂ ಕೈಬಿಟ್ಟಿತು ಎಂದುಕೊಂಡೆ. ಆದರೆ ವೇದಾವತಿಗೆ ಸಿಟ್ಟು ಬಂದರೆ ಅವಳ ಮುಂದೆ ಇನ್ಸ್‌ಪೆಕ್ಟರೂ ಒಂದೇ, ಬೀಗರೂ ಒಂದೇ.

"ಗೊತ್ತಿಲ್ದೆ ಆಫ್ ಮಾಡ್ಲಿಲ್ಲ ನಾನು! ಎಂಟು ವರ್ಷದಲ್ಲಿ ಒಂದು ದಿನ ಹೀಗೆ ಮಾಡಿಲ್ಲ. ಎರಡು ನಿಮಿಷ ಇಳೀಲಿಲ್ಲ ಅಂತ ಸಿರಾ ಕಡೆಯೋರು ನಮಗೆ ಹೆಣ್ಣು ತೋರಿಸ್ಲಿಲ್ಲ. ನೀವೂ ಬೇಜಾರಾಗ್ಬಾರ್ದು ಅಂತ ಆಫ್ ಮಾಡ್ದೆ. ಇದು ಕೆಟ್ರೆ ಕೆಡ್ಲಿ, ನನ್ನ ತಮ್ಮನ ಬಾಳು ಕೆಡಬಾರ್ದು ಅಂತ ಮಾಡ್ದೆ!"

ಹಿಂದಿನ ಸೀಟಿನಿಂದ ಕಿರಣ ತಲೆ ಹೊರಗೆ ಹಾಕಿದ. "ಅಕ್ಕಂದೇನೂ ತಪ್ಪಿಲ್ಲ ಮಾವ. ನಾನೇ ಆಣೆ ಹಾಕಿಸ್ಕಂಡಿದ್ದೆ. ಬೈಯೋದಾದ್ರೆ ನಂಗೆ ಬೈಯಿರಿ" ಎಂದ. ಹುಡುಗಿಯ ಮುಖ ನೋಡುವ ಮುಂಚೆಯೇ ಮಾವ ಎಂದ ಅಳಿಯನನ್ನು ಆ ಊರು ಕಂಡಿರಲಿಲ್ಲವೇನೋ, ಜಗುಲಿಯ ಮೇಲಿನ ಹೆಂಗಸರು ಕಿಸಕ್ಕೆಂದರು. ಕದಿರಯ್ಯನವರು ಮಾತ್ರ ನಗಲಿಲ್ಲ. ಕಾರನ್ನೂ ವೇದಾವತಿಯನ್ನೂ ಒಂದಾದ ಮೇಲೊಂದು ನೋಡುತ್ತಾ ನಿಂತರು.

ಆಗ ಕರೆಯದೆಯೇ ಶರಣ್ಯಾ ಬಾಗಿಲಿಗೆ ಬಂದಳು. ಕೈಯಲ್ಲಿ ಕಾಫಿ ತಟ್ಟೆಯಿತ್ತು.

"ನಾಯ್ನಾ, ನಂಗೆ ಒಪ್ಗೆ" ಎಂದಳು ಅಪ್ಪನಿಗೆ.

"ಹುಡುಗನ್ನ ಇನ್ನೂ ಸರೀಗೆ ನೋಡೇ ಇಲ್ಲವಲ್ಲಮ್ಮಾ!"

"ಅವರನ್ನ ಬೆಳೆಸಿದೋರ್ನ ನೋಡಿದ್ನಲ್ಲ."

ವೇದಾವತಿ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ, ಕಿರಣನೂ ಅತ್ತ. ರಾಹುಕಾಲಕ್ಕೆ ಒಂದು ನಿಮಿಷವಿದ್ದಾಗ ಕದಿರಯ್ಯನವರು ಬಾನೆಟ್ಟಿನ ಹತ್ತಿರ ಕಿವಿಗೊಟ್ಟು ಕೇಳಿ, "ಈಗ ಆಫ್ ಮಾಡಮ್ಮಾ, ಏನೂ ಆಗಿಲ್ಲ" ಎಂದು ತಾವೇ ಅವಳ ಬಾಗಿಲು ತೆರೆದರು. ಪಟಾಲಮ್ಮ ಮೊದಲು ಅವಳ ಕಾಲಿಗೆ ನೀರು ಹಾಕಿದರು, ಆಮೇಲೆ ನಾವಿಬ್ಬರೂ ಇಳಿದೆವು.