ಲೈನಲ್ಲೇ ಇರಿ

೧೯೯೧, ಆಷಾಢದ ಒಂದು ಸೋಮವಾರ, ಮಧ್ಯಾಹ್ನ ಎರಡು ಗಂಟೆ. ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವರು ಮೂವರು: ಮೇಲ್ವಿಚಾರಕನಾದ ನಾನು, ಒಬ್ಬ ಹಳೆಯ ಆಪರೇಟರು, ಕೆ.ಆರ್. ಪೇಟೆಯಿಂದ ವರ್ಗವಾಗಿ ಬಂದಿದ್ದ ಹೊಸ ಆಪರೇಟರ್ ಆಕೆ.

ಟ್ರಂಕ್ ಕಾಲ್‌ಗೆ ಕಾಯುವವರಿಗೆಲ್ಲ ಆಕೆ "ಲೈನಲ್ಲೇ ಇರಿ" ಎನ್ನುತ್ತಿದ್ದರು. ಹೇಳಿ ಮರೆಯುತ್ತಿರಲಿಲ್ಲ, ನಡುನಡುವೆ "ಇದ್ದೀರಾ?" ಎಂದು ವಿಚಾರಿಸುತ್ತಿದ್ದರು. ಆಗ ಹೆಡ್‌ಫೋನಿನ ವಯರು ಎಡಗೈ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು.

ಸಂಸಾರದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಹಳೆಯ ಆಪರೇಟರಿಗೆ ಅದು ತಡೆಯಲಾಗಲಿಲ್ಲ. ಆಕೆ ಊಟಕ್ಕೆ ಹೋಗಿದ್ದಾರೆಂದುಕೊಂಡು ಕೆ.ಆರ್. ಪೇಟೆಯ ಗೆಳೆಯನಿಗೆ ಫೋನು ಹಚ್ಚಿದ.

"ಲೇ, ನಿಮ್ ಕಡೆಯಿಂದ ಬಂದವ್ಳಲ್ಲ, ಅವಳ ಗಂಡ ಎಲ್ಲವ್ನ್ಲಾ? ಏನು ಕತೆ?"

ಆಕೆ ಒಳಕೋಣೆಯಲ್ಲಿ ನನ್ನ ಪಕ್ಕದಲ್ಲೇ, ಅದೇ ಲೈನನ್ನು ಪರೀಕ್ಷಿಸುತ್ತ ರಿಸೀವರ್ ಹಿಡಿದಿದ್ದರು.

"ಲೈನಲ್ಲೇ ಇರಿ ಅಣ್ಣಾ, ನಾನೇ ಹೇಳ್ತೀನಿ," ಎಂದರು. "ಹೊಡೀತಿದ್ದ, ಬುಟ್ಟು ಬಂದೆ. ಇನ್ನೇನ್ ಬೇಕು, ಕೇಳಿ."

ಅತ್ತ ರಿಸೀವರ್ ಇಟ್ಟ ಸದ್ದಾಯಿತು.

ಆ ಹಳೆಯ ಆಪರೇಟರನ್ನು ಅಂದೇ ಬಿಲ್ಲು ಬರೆಯುವ ಮೇಜಿಗೆ ಹಾಕಿದೆ. ಆದರೂ ಆಕೆ ಉಳಿಯಲಿಲ್ಲ. "ಇನ್ಮೇಲೆ ಎಲ್ರೂ ಅಯ್ಯೋ ಪಾಪ ಅಂತಾರೆ ಸಾ. ಟ್ರಾನ್ಸ್‌ಫರ್ ಮಾಡ್ಸ್ಕೊಡಿ," ಎಂದು ಕೇಳಿ ಪಾಂಡವಪುರಕ್ಕೆ ಹೋದರು.

ಈಗ ನಂಬರು ಒತ್ತಿದೊಡನೆ ಫೋನು ಸೇರುತ್ತದೆ, ಯಾರೂ ಕಾಯಬೇಕಿಲ್ಲ. ನಾನು ಮಾತ್ರ ರಿಸೀವರ್ ಎತ್ತಿದಾಗಲೆಲ್ಲ ಆ "ಇದ್ದೀರಾ?"ಗಾಗಿ ಒಂದು ಗಳಿಗೆ ಕಾಯುತ್ತೇನೆ.

ಆ ಸೋಮವಾರ ಆಕೆ ಸೇರಿಸಿದ ಕೊನೆಯ ಕರೆ ಕಿಕ್ಕೇರಿಗೆ. ಮಗಳ ಹೆರಿಗೆಯ ಸುದ್ದಿಗೆ ಕಾದಿದ್ದ ತಾಯಿಗೆ ಆಕೆ ಲೈನು ಕೊಟ್ಟರು. ಮಾತು ಮುಗಿದ ಮೇಲೆ ವಯರನ್ನು ನೀಟಾಗಿ ಸುತ್ತಿ, ಹೆಡ್‌ಫೋನನ್ನು ಮೊಳೆಗೆ ತೂಗುಹಾಕಿದರು.