ಕೇಳಬೇಕಾದವಳು ಬಾಗಿಲ ಹೊರಗೆ

ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ನನಗೆ ಈ ಬದುಕಿನಲ್ಲಿ ಏನೇನೋ ಕೊಡಿಸಿದೆ. ರೈಲಿನಲ್ಲಿ ಲೋಯರ್ ಬರ್ತ್, ಬ್ಯಾಂಕಿನಲ್ಲಿ ಕುರ್ಚಿ, ನೇವಿ ಪಾರ್ಟಿಗಳಲ್ಲಿ ಮೂಲೆ ಹಿಡಿಯದೆ ನಿಲ್ಲುವ ಧೈರ್ಯ. ಮೊನ್ನೆ ವಿಜಯವಾಡದಲ್ಲಿ ಒಂದು ಸಾವಿನ ಸುದ್ದಿಯನ್ನು ಕೊಡಿಸಿತು. ಸಾವಿಗೆ ಮೊದಲೇ. ಅದನ್ನು ಕೇಳಬೇಕಾದವಳು ಬಾಗಿಲ ಹೊರಗೆ ಫ್ಲಾಸ್ಕ್ ಹಿಡಿದು ಕೂತಿದ್ದಳು.

ವಿನುತಾ ನನ್ನ ತಂಗಿಯ ಮಗಳು. ಅವಳ ಗಂಡ ಶ್ರೀಧರ ಗವರ್ನರ್‌ಪೇಟೆಯ ಒಂದು ಬ್ಯಾಂಕಿನಲ್ಲಿ ಆಫೀಸರ್. ಮೈಸೂರಿನಿಂದ ಟ್ರಾನ್ಸ್‌ಫರ್ ಮೇಲೆ ಬಂದವರು. ಹೊಟ್ಟೆನೋವೆಂದು ಸೀಟಿನಲ್ಲೇ ಕುಸಿದವನನ್ನು ಮ್ಯಾನೇಜರೇ ಕಾರಿನಲ್ಲಿ ಹಾಕಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ್ದರು. ಪ್ಯಾಂಕ್ರಿಯಾಸ್ ಊದಿಕೊಂಡಿದೆಯಂತೆ, ಐಸಿಯು ಅಂತೆ. ಮೊದಲು ವಿನುತಾ ಫೋನಿನಲ್ಲಿ "ಬರಬೇಡಿ ದೊಡ್ಡಮ್ಮ, ಮ್ಯಾನೇಜರ್ ಸರ್ ಎಲ್ಲಾ ನೋಡ್ಕೋತಿದ್ದಾರೆ" ಎನ್ನುತ್ತಿದ್ದಳು. ಆಮೇಲೊಂದು ದಿನ "ಬರ್ತೀರಾ?" ಅಂದಳು. ಗಾಜುವಾಕದ ನನ್ನ ಫ್ಲಾಟಿಗೆ ಬೀಗ ಹಾಕಿ ಟ್ರೇನು ಹತ್ತಿದೆ. (ನೇವಿಯವನ ಹೆಂಡತಿಯಾಗಿದ್ದವಳ ಬ್ಯಾಗು ಸದಾ ರೆಡಿ.)

ಪರಊರಿನಲ್ಲಿ ಟ್ರಾನ್ಸ್‌ಫರಿನವರ ಪದ್ಧತಿ ನಿಮಗೆ ಗೊತ್ತಿರಬೇಕು. ಬ್ರಾಂಚೇ ಬಂಧುಬಳಗ. ಬಾಡಿಗೆ ಮನೆ ಹುಡುಕುವವರು ಅವರೇ, ಮಗುವಿನ ನಾಮಕರಣಕ್ಕೆ ಬಾಳೆ ಎಲೆ ಹಾಕುವವರೂ ಅವರೇ. ಆಸ್ಪತ್ರೆಯೆಂದರಂತೂ ಮುಗಿಯಿತು, ಸೀನಿಯರ್ ಯಾರೋ ಅವರೇ ಮನೆಯ ಯಜಮಾನ. ಶ್ರೀಧರನ ಪಾಲಿಗೆ ಹಾಗೆ ನಿಂತವರು ಮ್ಯಾನೇಜರ್ ಹಿರೇಮಠರು, ಗದಗಿನ ಕಡೆಯವರು. ಮೊದಲ ದಿನ ಆಸ್ಪತ್ರೆಯಲ್ಲಿ ಅಟೆಂಡರ್ ಯಾರೆಂದು ಕೇಳಿದಾಗ ಅವರೇ ಕೈ ಎತ್ತಿದ್ದರು. ಬ್ಯಾಂಕಿನಲ್ಲಿ ಅಟೆಂಡರ್ ಅಂದರೆ ಫೈಲು ಹೊರುವವನು, ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಹೊರುವವನು. "ನನಗ ಡಿಮೋಶನ್ ಆತು ನೋಡ್ರಿ ತಂಗಿ" ಎಂದು ನಗಿಸಿದ್ದರಂತೆ. ಒಳ್ಳೆಯ ಮನುಷ್ಯ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನಿಮಗೆ ಅವರ ಮೇಲೆ ಸಿಟ್ಟು ಬರಬಹುದು.

ನಾನು ತಲುಪಿದ ಬೆಳಿಗ್ಗೆ ಬ್ರಾಂಚಿನಲ್ಲಿ ಇನ್ಸ್‌ಪೆಕ್ಷನ್. ಹಿರೇಮಠರು ಬಂದಿರಲಿಲ್ಲ. ಐಸಿಯು ಬಾಗಿಲಿನಿಂದ ಸೆಕ್ಯೂರಿಟಿಯವನು ಕೂಗಿದ: "ಶ್ರೀಧರ್ ಗಾರಿ ಅಟೆಂಡರ್ ಎವರಂಡಿ?"

ವಿನುತಾ ಅರ್ಧ ಎದ್ದಳು. ಮತ್ತೆ ಕೂತಳು.

"ಹೋಗೇ" ಅಂದೆ.

"ಒಬ್ಬರನ್ನೇ ಬಿಡೋದು ದೊಡ್ಡಮ್ಮ. ನೀವೇ ಹೋಗಿ. ನಿಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ. ನಾನು ಏನಾದ್ರೂ ಅರ್ಥ ಆಗ್ದೆ ತಲೆ ಆಡಿಸಿಬಿಟ್ರೆ?"

ಈ ಹುಡುಗಿ ವಿಜಯವಾಡದ ಮಾರ್ಕೆಟ್ಟಿನಲ್ಲಿ ತೆಲುಗಿನಲ್ಲಿ ಜಗಳವಾಡಿ ಗೆದ್ದು ಬರುತ್ತಾಳೆ. ಡಾಕ್ಟರ ಬಾಗಿಲೆಂದರೆ ಮಾತ್ರ ನಾಲಿಗೆ ಒಣಗುತ್ತದೆ. ನಮ್ಮಲ್ಲಿ ಎಷ್ಟು ಜನರಿಗೆ ಒಣಗುವುದಿಲ್ಲ ಹೇಳಿ?

ಒಳಗೆ ಪುಟ್ಟ ಕೋಣೆ. ಬಾಗಿಲ ಮೇಲೆ 'ಕೌನ್ಸೆಲಿಂಗ್' ಎಂಬ ಬೋರ್ಡು. ಚಿಕ್ಕ ವಯಸ್ಸಿನ ಡಾಕ್ಟರು, ಕಣ್ಣಲ್ಲಿ ನಿದ್ದೆ. ನಾನು ಗುಡ್ ಮಾರ್ನಿಂಗ್ ಹೇಳಿದ ರೀತಿಗೇ ಇರಬೇಕು, ಕುರ್ಚಿ ನನ್ನ ಕಡೆ ತಿರುಗಿತು. ಆಮೇಲೆ ಅವರ ಮಾತೆಲ್ಲ ಇಂಗ್ಲಿಷಿನಲ್ಲೇ. ಕಿಡ್ನಿ ಕೈಬಿಟ್ಟಿದೆ, ಲಂಗ್ಸ್ ಕೈಬಿಡುತ್ತಿದೆ, ಬೆಳಗಿನ ಜಾವ ವೆಂಟಿಲೇಟರ್ ಹಾಕಿದೆವು, ಉಳಿಯುವ ಭರವಸೆ ತೀರಾ ಕಡಿಮೆ. "ನಿನ್ನೆ ನಿಮ್ಮ ಸರ್‌ಗೆ ಎಲ್ಲಾ ಎಕ್ಸ್‌ಪ್ಲೇನ್ ಮಾಡಿದ್ದೆ ಮ್ಯಾಡಮ್. ಪೇಷೆಂಟ್ ಇವತ್ತು ಕಾನ್ಷಿಯಸ್ ಇದ್ದಾರೆ, ನಾಳೆ ಇರೋದು ಡೌಟು, ಫ್ಯಾಮಿಲಿಯವರು ಬಂದು ಮಾತಾಡ್ಕೊಳ್ಳಲಿ ಅಂತಲೂ ಹೇಳಿದ್ದೆ."

"ಅವನ ಹೆಂಡತಿಗೆ ಇದು ಗೊತ್ತೇ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ದಿನಾ ಫ್ಯಾಮಿಲಿಗೆ ಕೌನ್ಸೆಲಿಂಗ್ ಮಾಡ್ತಾನೇ ಇದ್ದೀವಲ್ಲ ಮ್ಯಾಡಮ್?"

ಫ್ಯಾಮಿಲಿ ಹೊರಗೆ ಕೂತಿದೆ ಡಾಕ್ಟರ್, ಅಂದೆ. ದಯವಿಟ್ಟು ಕರೆಯಿರಿ. ನನಗಲ್ಲ, ಅವಳಿಗೆ ಹೇಳಿ. ತೆಲುಗಿನಲ್ಲಿ ಹೇಳಿ, ಅವಳಿಗೆ ಪೂರ್ತಿ ಅರ್ಥವಾಗುತ್ತದೆ.

ಪಾಪ, ಆತ ಎದ್ದು ಹೋಗಿ ತಾನೇ ಕರೆದುಕೊಂಡು ಬಂದ. ಎದುರು ಕೂರಿಸಿ ಹೇಳಿದ. ಯಾವ ದೊಡ್ಡ ಪದವೂ ಇಲ್ಲದೆ, ಮೆಲ್ಲಗೆ. ಚೆನ್ನಾಗಿಯೇ ಹೇಳಿದ. ಹೇಳಲು ಬರುತ್ತಿತ್ತು ಅವನಿಗೆ! ಇಷ್ಟು ದಿನ ಎದುರಿಗೆ ತಪ್ಪು ಮನುಷ್ಯ ಕೂತಿದ್ದ, ಅಷ್ಟೆ.

ವಿನುತಾ ಅಳಲಿಲ್ಲ. "ನಿನ್ನೆ ಅವರಿಗೆ ಎಚ್ಚರ ಇತ್ತು ಅಲ್ವಾ?" ಎಂದು ಮಾತ್ರ ಕೇಳಿದಳು. ಇತ್ತಮ್ಮ, ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಕೂತು ವಿನುತಾ ನನಗೆ ಹೇಳಿದ್ದು ಇದು. ಹಿಂದಿನ ಸಂಜೆ ಹಿರೇಮಠರು ಕೌನ್ಸೆಲಿಂಗ್ ಮುಗಿಸಿ ಬಂದು, "ಸ್ವಲ್ಪ ವೀಕ್ ಆಗ್ಯಾರ. ಭಾಳ ಮಾತಾಡಿಸಬ್ಯಾಡ್ರಿ, ದಣಿವಾಗತದ. ನೋಡಿಕೊಂಡು ಬಂದುಬಿಡ್ರಿ" ಅಂದಿದ್ದರು. ಇವಳು ಒಳಗೆ ಹೋದಳು. ಶ್ರೀಧರ ಕೈಯೆತ್ತಿ ಆಕ್ಸಿಜನ್ ಮಾಸ್ಕನ್ನು ಸರಿಸಿದ. ಏನೋ ಹೇಳಲು ಬಾಯಿ ತೆರೆದ.

"ನಾನೇ ಮಾಸ್ಕ್ ಮತ್ತೆ ಹಾಕ್ದೆ ದೊಡ್ಡಮ್ಮ. ಸುಮ್ನಿರಿ, ಮನೆಗೆ ಬಂದ್ಮೇಲೆ ಹೇಳೋರಂತೆ ಅಂದೆ. ಮತ್ತೆ ತೆಗೆಯೋಕೆ ಬಂದ್ರು. ನಾನು ಬೈದೆ."

ಅವಳ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಹಿರೇಮಠರು ಇಡ್ಲಿ ಪಾರ್ಸೆಲ್ ಹಿಡಿದು ಓಡುತ್ತ ಬಂದರು. ನಮ್ಮ ಮುಖ ನೋಡಿದವರೇ ನಿಂತರು.

"ಹೇಳಿಬಿಟ್ರೇನ್ರಿ?"

"ನೀವು ಯಾಕೆ ಹೇಳಲಿಲ್ಲ ಸರ್?" ಕೇಳಿದವಳು ವಿನುತಾ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಹೆಂಗ್ ಹೇಳ್ಲಿ ತಂಗಿ? ಒಬ್ಬಾಕಿ ಇದ್ದೀರಿ. ನಿಮ್ಮ ಅಣ್ಣಾರು ಮೈಸೂರಿಂದ ಹೊಂಟಾರ, ಅವರು ಬಂದ ಮ್ಯಾಲೆ ಹೇಳೂಣು ಅಂತ... ಒಳ್ಳೇದಕ್ಕ ಅಂತ ಮಾಡಿದ್ದೆವ್ವಾ." ಅವರ ಕೈಯಲ್ಲಿದ್ದ ಪಾರ್ಸೆಲ್ಲಿನಿಂದ ಚಟ್ನಿ ಸೋರುತ್ತಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಆ ವಾರ ಮುಗಿಯುವ ಮೊದಲೇ ಶ್ರೀಧರ ಹೋದ. ಮತ್ತೆ ಎಚ್ಚರವಾಗಲಿಲ್ಲ.

ಆಸ್ಪತ್ರೆ ಚಿಕಿತ್ಸೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆ ಕಾಯಿಲೆ ಎಲ್ಲಿದ್ದರೂ ಅಷ್ಟೇ ಇತ್ತೇನೋ. ನನ್ನ ತಕರಾರು ಔಷಧದ ಮೇಲಲ್ಲ. ಒಂದು ಮಾತಿನ ಮೇಲೆ. ಆ ಮಾತು ಡಾಕ್ಟರ ಬಾಯಿಂದ ಸರಿಯಾಗಿಯೇ ಹೊರಟಿತು, ಸರಿಯಾದ ಹೊತ್ತಿಗೇ ಹೊರಟಿತು. ಬಾಗಿಲು ದಾಟುವಾಗ 'ಸ್ವಲ್ಪ ವೀಕ್' ಆಯಿತು. ನಾವು ಅದನ್ನು ಕರುಣೆ ಎನ್ನುತ್ತೇವೆ. ಹೆಂಗಸು ತಡೆದುಕೊಳ್ಳುವುದಿಲ್ಲ, ಪೇಷೆಂಟ್ ಧೈರ್ಯಗೆಡುತ್ತಾನೆ, ಗಂಡಸರು ಯಾರಾದರೂ ಬರಲಿ. ಕಾಯಿಲೆ ಬಂದವನಿಗೆ ಹೇಳಿದ್ದರೋ? ಅದನ್ನು ನಾನು ಕೇಳಲೇ ಇಲ್ಲ, ಡಾಕ್ಟರೂ ಹೇಳಲಿಲ್ಲ. ಮಾಸ್ಕ್ ಸರಿಸಿದ ಕೈಗೆ ಮಾತ್ರ ಎಲ್ಲ ಗೊತ್ತಿತ್ತು ಅನಿಸುತ್ತದೆ.

ನನ್ನ ಅಪ್ಪನಿಗೆ ಕೊನೆಯ ಕಾಯಿಲೆ ಬಂದಾಗ ಮೈಸೂರಿನ ನಮ್ಮ ಡಾಕ್ಟರು ಮಂಚದ ಅಂಚಿನಲ್ಲಿ ಕೂತು, ಅಪ್ಪನ ಕೈ ಹಿಡಿದುಕೊಂಡೇ ಅಮ್ಮನಿಗೆ ಹೇಳಿದ್ದರು: "ಇನ್ನು ಜಾಸ್ತಿ ದಿನ ಇಲ್ಲಮ್ಮ. ಏನಿದ್ದರೂ ಮಾತಾಡಿಕೊಳ್ಳಿ." ಅವರ ಹತ್ತಿರ ಒಂದು ಸ್ಟೆತೊಸ್ಕೋಪು, ಒಂದು ಚರ್ಮದ ಬ್ಯಾಗು ಬಿಟ್ಟರೆ ಏನೂ ಇರಲಿಲ್ಲ. ಅಪ್ಪನನ್ನು ಉಳಿಸಲೂ ಆಗಲಿಲ್ಲ. ಆದರೆ ಆ ಮಧ್ಯಾಹ್ನ ಅಪ್ಪ ಅಮ್ಮ ಬಾಗಿಲು ಹಾಕಿಕೊಂಡು ಮಾತಾಡಿದರು. ಅಮ್ಮ ಒಮ್ಮೆ ನಕ್ಕಿದ್ದೂ ಕೇಳಿಸಿತ್ತು. ಅದಾದ ಮೇಲೆ ಅಮ್ಮ ಬಹಳ ವರ್ಷ ಬದುಕಿದಳು. ಆ ಮಧ್ಯಾಹ್ನದ ಮಾತು ಏನೆಂದು ನಮಗೆ ಯಾರಿಗೂ ಹೇಳಲಿಲ್ಲ. ಅವಳದು ಅಂತ ಅದೊಂದು ಇತ್ತು.

ವಿನುತಾಳಿಗೆ ಏನಿದೆ?

ವೈಕುಂಠ ಸಮಾರಾಧನೆ ಮುಗಿಸಿ ಎಲ್ಲರೂ ಕೂತಿದ್ದಾಗ ಅವಳು ಇದ್ದಕ್ಕಿದ್ದಂತೆ ಕೇಳಿದಳು: "ಅವತ್ತು ಅವರು ಏನು ಹೇಳೋಕೆ ಹೊರಟಿದ್ರು?" ನಾದಿನಿ ಬೇಗ ಅಂದಳು: "ಏನಿಲ್ಲ ಅತ್ತಿಗೆ, ನೀರು ಕೇಳಿರ್ತಾನೆ." (ಮತ್ತೆ ಒಳ್ಳೆಯದಕ್ಕೇ.)

"ನೀರು ಕೇಳೋರು ಹಾಗೆ ನೋಡ್ತಾರಾ?" ಅಂದಳು ವಿನುತಾ.

ಒಳ್ಳೆಯದಕ್ಕೆಂದು ಮಾತು ಮುಚ್ಚಿಡುವವರೇ, ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?