ಫರ್ಸಿ ಕಲ್ಲಿನ ಸ್ಪೀಕರ್ ಪೆಟ್ಟಿಗೆ

ಶಹಾಬಾದಿನಲ್ಲಿ ನನ್ನ ಸೋದರಮಾವನ ಮನೆಯ ನೀರಿನ ಕೊಡ, ನೆಲಕ್ಕೆ ಹಾಸುವ ಒಂದು ಫರ್ಸಿ ಕಲ್ಲಿನ ಮೇಲೆ ಕೂತಿದೆ. ಕಲ್ಲಿನ ನಡುವೆ ದುಂಡನೆಯ ತೂತು. ಕೊಡದ ತಳ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಇಳಿದಿದೆ. ಮೊನ್ನೆ ಆ ಕೊಡದ ನೀರು ಕುಡಿಯುವಾಗ ನಗು ಬಂದು ಮೂಗಿಗೆ ಹತ್ತಿತು. ಆ ತೂತು ಹನ್ನೆರಡು ಇಂಚಿನ ಸ್ಪೀಕರಿಗಾಗಿ ಕೊರೆದದ್ದು ಎಂದು ಬಲ್ಲವನು, ನೀವೇ ಹೇಳಿ, ಗಂಭೀರವಾಗಿ ಹೇಗೆ ಕುಡಿದಾನು?

ಮಾವನದು ಕಲ್ಲು ಪಾಲಿಶ್ ಮಾಡುವ ದಂಧೆ. ಐವತ್ತೈದು ದಾಟಿದ ಮೇಲೆ ಅವನ ಮನೆಯಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ಹುಟ್ಟಿತು. ಹುಟ್ಟುವಾಗಲೇ ಸೆಕೆಂಡ್ ಹ್ಯಾಂಡ್ ಆಗಿತ್ತು. ಎರಡೇ ಬಾಗಿಲು, ಎರಡೇ ಸೀಟು, ಎತ್ತರ ಆಕಳ ಕರುವಿನಷ್ಟು. ಪಕ್ಕದ ಸೀಟು ಅತ್ತೆಯದೆಂಬುದು ಮಾವನ ಸಂಕಲ್ಪ. ಅತ್ತೆ ಒಂದು ಪ್ರದಕ್ಷಿಣೆ ಹಾಕಿ ತೀರ್ಪು ಕೊಟ್ಟಳು:

"ನೆಲಕ್ಕ ಕುಂದ್ರಲಿಕ್ಕ ಮನ್ಯಾಗ ಫರ್ಸಿ ಇಲ್ಲೇನ್ರಿ? ಅದು ತಣ್ಣಗರ ಇರ್ತದ."

ಹೀಗಾಗಿ ಎರಡು ವರ್ಷ ಆ ಸಿಂಹಾಸನದಲ್ಲಿ ನಾನು ಕೂತೆ. ಮಾವನ ಮುಖದಲ್ಲಿ ಅದರಿಂದ ಯಾವ ಸಂತೋಷವೂ ಕಾಣಲಿಲ್ಲ.

ಅತ್ತೆ ಜೋಳ ಹಸನು ಮಾಡುವಾಗ ರೇಡಿಯೊ ಹಾಡಿನ ಜೊತೆ ಗುನುಗುತ್ತಾಳೆ. ಇದನ್ನು ಮಾವ ಮೂವತ್ತು ವರ್ಷ ಸಂಸಾರ ಮಾಡಿ ಕಂಡುಹಿಡಿದ. "ಹಾಡು ಛಲೋ ಕೇಳ್ಸಿದ್ರ ತಾನೇ ಬಂದು ಕುಂದರತಾಳ" ಎಂದು ವಾಡಿಯಿಂದ ಮೌಲಾ ಭಾಯ್‌ನನ್ನು ಕರೆಸಿದ. ಮದುವೆಗಳಿಗೆ ಮೈಕ್ ಕಟ್ಟಿ ಅರ್ಧ ತಾಲೂಕನ್ನು ಕಿವುಡು ಮಾಡಿದ ಅನುಭವಸ್ಥ. ಬಾಗಿಲಿಗೆ ಹೊಸ ಸ್ಪೀಕರ್, ಸೀಟಿನ ಕೆಳಗೆ ಆಂಪ್ಲಿಫೈಯರ್ ಆಯಿತು. ಡಿಕ್ಕಿಯ ದೊಡ್ಡ ಸ್ಪೀಕರಿನ ಪೆಟ್ಟಿಗೆಯ ಹತ್ತಿರ ಕೆಲಸ ನಿಂತಿತು.

"ಪ್ಲೈವುಡ್ ನಡಗ್ತದ ಸೇಠ್. ಆವಾಜ್ ಸಾಫ್ ಬರಬೇಕಂದ್ರ ಪೆಟಗಿ ಅಲ್ಲಾಡಬಾರ್ದು."

"ಅಲ್ಲಾಡಬಾರ್ದಾ?" ಎಂದು ಮಾವ ತನ್ನ ಅಂಗಳದ ಕಡೆ ನೋಡಿದ.

ನಮ್ಮೂರಿನವರ ದೌರ್ಬಲ್ಯವೇ ಇದು. ನೆಲ ಕಲ್ಲು, ಮಾಳಿಗೆ ಕಲ್ಲು, ಹಿತ್ತಲ ಗೋಡೆ ಕಲ್ಲು. ಸಮಸ್ಯೆ ಎಂದೊಡನೆ ಕೈ ಕಲ್ಲಿಗೆ ಹೋಗುತ್ತದೆ. ಆರು ಫರ್ಸಿಗಳ ಪೆಟ್ಟಿಗೆ ಸಿದ್ಧವಾಯಿತು. ನನ್ನ ಅಭಿಪ್ರಾಯವನ್ನೂ ಕೇಳಿದರು. ವಿಷಯ ಗೊತ್ತಿಲ್ಲದ ಕಾರಣ ನಿಸ್ಸಂಕೋಚವಾಗಿ ಒಪ್ಪಿದೆ.

ಆವಾಜ್ ಅದ್ಭುತ. ತಬಲಾದ ಬೆರಳುಗಳನ್ನು ಎಣಿಸಬಹುದಿತ್ತು. ಕಾರು ಮಾತ್ರ ಹಿಂಗಾಲಿನ ಮೇಲೆ ಕುಕ್ಕರಿಸಿತು. ಪರೀಕ್ಷೆಗೆಂದು ವಾಡಿಗೆ ಹೊರಟೆವು. ರಸ್ತೆಯಲ್ಲಿ ಹಂಪು ಬಂದಲ್ಲೆಲ್ಲ ಭಾರ ಕಡಿಮೆ ಮಾಡಲು ನಾನು ಇಳಿಯಬೇಕು. ಶಹಾಬಾದಿನಿಂದ ವಾಡಿಗೆ ಸ್ಪೋರ್ಟ್ಸ್ ಕಾರಿನಲ್ಲಿ ನಡೆದುಕೊಂಡು ಹೋದವನು ನಾನೊಬ್ಬನೇ ಇರಬೇಕು.

ಮರುದಿನ ಮಾವ ಅಂಗಳದಲ್ಲಿ ಹಾಡು ಹಚ್ಚಿದ. ಅತ್ತೆ ಮೊರ ಕೆಳಗಿಟ್ಟಳು. ಬಂದಳು. ಕೂತೇಬಿಟ್ಟಳು! ಮಾವ ಗಾಜಿನ ಸಾಮಾನು ಹೊತ್ತವನ ಹಾಗೆ ಕಾರು ಬಿಟ್ಟ. ನಾನು ಹಿಂದೆ ನಡೆದೆ, ಅಭ್ಯಾಸವಾಗಿತ್ತಲ್ಲ. ಓಣಿಯ ತುದಿಯ ಮೊದಲ ಹಂಪಿನ ಮೇಲೆಯೇ ಕಾರು ಹೊಟ್ಟೆಯೂರಿ ನಿಂತಿತು. ಹಿಂದೆ ಕಲ್ಲಿನ ಲಾರಿಗಳ ಸಾಲು, ಹಾರ್ನಿನ ಮೇಳ.

ಮಾವ ಇಳಿದು ಅವಳ ಬಾಗಿಲು ತೆಗೆದ. "ಜರಾ ಇಳೀ. ಹಗೂರಾದ್ರ ದಾಟ್ತದ."

"ಎರಡು ವರ್ಸ ಕುಂದ್ರು ಕುಂದ್ರು ಅಂದ್ರಿ. ಈಗ ಕುಂತೀನಿ. ಹಾಡು ಮುಗಿಯೋತನಕ ಇಳ್ಯಂಗಿಲ್ಲ."

ಮಾವ ಬಾಗಿಲು ಹಿಡಿದು ಹಾಗೇ ನಿಂತ. ನನಗೆ ಕಂಡದ್ದು ಅವನ ಬೆನ್ನು ಮಾತ್ರ. ಮುಖ ಅವಮಾನದಿಂದ ಕಪ್ಪಿಟ್ಟಿರಬೇಕೆಂದು ಮರುಗಿದೆ. ಹಾಡು ಮುಗಿಯಿತು, ಅತ್ತೆ ಅಲುಗಲಿಲ್ಲ. ಕೊನೆಗೆ ಲಾರಿಯ ಹಮಾಲರು ಇಳಿದು ಬಂದರು. "ಅಕ್ಕೋರೇನು ಭಾರಿಲ್ರಿ, ಕುಂದರ್ಲಿ. ಡಿಕ್ಕ್ಯಾಗೇನು ಓಣಿನೇ ಕಿತ್ತಿಟ್ಟೀರೇನು?" ಎಂದು ಆರು ಜನ ಸೇರಿ, ಅತ್ತೆಯ ಸಮೇತ ಕಾರನ್ನು ಎತ್ತಿ ಮನೆಯ ಕಡೆಗೇ ಇಳಿಸಿದರು.

ಆಮೇಲೆ ಕಾರು ಚಿಂಚೋಳಿಯವರೊಬ್ಬರ ಪಾಲಾಯಿತು. ಪೆಟ್ಟಿಗೆ ಅವರಿಗೆ ಬೇಡವಾಯಿತು.

ಮೊನ್ನೆ ಮೂಗು ಒರೆಸಿಕೊಂಡು ಕೇಳಿದೆ: "ಅತ್ತೀ, ಅವತ್ತಿನ ಹಾಡು ಯಾವ್ದಿತ್ತು?"

"ಹಾಡು ಯಾರು ಕೇಳ್ಯಾರೋ? ಲಾರಿ ಹಂಗ ಒದರಾಕತ್ತಿದ್ವು. ನಿಮ್ಮ ಮಾಮಾ ಬಿಸಲಾಗ ನಿಂತು, ನಾ ಕುಂತದ್ದನ್ನ ನೋಡಕೋತ ನಗಾಕತ್ತಿದ್ರು. ಮದಿವ್ಯಾಗೂ ಹಂಗ ನಕ್ಕಿದ್ದಿಲ್ಲ. ಆ ನಗಿ ಮುಗಿಯೋತನಕ ಕುಂತೆ."

ಇನ್ನೊಂದು ಲೋಟ ನೀರು ಕೇಳಿದೆ. ಈ ಸಲ ಮೂಗಿಗೆ ಹತ್ತಲಿಲ್ಲ. ತಣ್ಣಗಿತ್ತು.